ಗಾಳಿ ಸ್ಪೀಡ್ ಜೊತೆಗೆ ಮಳೆ ಲೆಕ್ಕನೂ ಹಾಕಿ

ಮಾನ್ಯ ಸಂಪಾದಕರೇ,

ಸೈಕ್ಲೋನ್ ಬಂತು ಅಂದ್ರೆ ಗಾಳಿ ಗಂಟೆಗೆ ಎಷ್ಟು ಕಿಲೋಮೀಟರ್, ಯಾವ ಊರ ಹತ್ರ ದಡ ಮುಟ್ಟುತ್ತೆ ಅನ್ನೋದೇ ಪೇಪರ್‌ನಲ್ಲಿ ದೊಡ್ಡಕ್ಷರದಲ್ಲಿ ಇರುತ್ತೆ, ಮಳೆ ವಿಷ್ಯ ಎಲ್ಲೋ ಕೊನೇಲಿ ಒಂದು ಸಾಲು. ಇದು ತಪ್ಪು ಅಂತ ಹೇಳೋಕೇ ಈ ಪತ್ರ.

ಮಡಗಾಸ್ಕರ್‌ನಿಂದ ಪೂರ್ವಕ್ಕೆ ರಿಯೂನಿಯನ್ ಅಂತ ಫ್ರಾನ್ಸ್‌ಗೆ ಸೇರಿದ ಸಣ್ಣ ದ್ವೀಪ ಇದೆ. 2007ರ ಫೆಬ್ರವರಿಯಲ್ಲಿ ಗಾಮೇಡ್ ಅನ್ನೋ ಸೈಕ್ಲೋನ್ ಅದಕ್ಕೆ ನೇರವಾಗಿ ಹೊಡೀಲೇ ಇಲ್ಲ, ದೂರ ಸಮುದ್ರದಲ್ಲೇ ಸುತ್ತಾಡ್ಕೊಂಡಿತ್ತು, ಆದ್ರೂ ಬೆಟ್ಟದ ಮೇಲೆ ಕೊಮೆರ್ಸನ್ ಅನ್ನೋ ಜಾಗದ ಮಾಪಕದಲ್ಲಿ ಮೂರೇ ದಿನಕ್ಕೆ 3,929 ಮಿಲಿಮೀಟರ್ ಮಳೆ. ವಿಶ್ವದಾಖಲೆ ಅದು. ನಾವು ಕಾಫಿ ಬೆಳೆಗಾರರು ಮಳೆನ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಅಳೆಯೋರು, ನಮ್ಮ ಲೆಕ್ಕದಲ್ಲಿ ಹತ್ರಹತ್ರ 155 ಇಂಚು. ನಮ್ಮಪ್ಪ ದಿನಾ ಬೆಳಿಗ್ಗೆ ಅಳತೆ ಗ್ಲಾಸನ್ನ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಡೈರಿಲಿ ಬರೀತಿದ್ರು, ಐದು ಇಂಚು ದಾಟಿದ ದಿನ ಕೆಂಪು ಪೆನ್ನಲ್ಲಿ. ಇಡೀ ವರ್ಷಕ್ಕೆ ನೂರು ಇಂಚು ಆಗೋ ತೋಟ ನಮ್ದು, ಅಲ್ಲಿ ಒಂದೂವರೆ ವರ್ಷದ ಮಳೆ ಮೂರು ದಿನದಲ್ಲಿ ಸುರಿದಿದೆ ಅಂದ್ರೆ ಮೈ ಜುಂ ಅನ್ನುತ್ತೆ. ಆ ಸೈಕ್ಲೋನ್ ಮಳೆಗೆ ಸೇಂಟ್ ಎಟಿಯೆನ್ ನದಿ ಸೇತುವೇನೇ ಕುಸಿದು ಹೋಯ್ತು. 1980ರ ಇಯಾಸಿಂತ್ ಸೈಕ್ಲೋನ್ ಇನ್ನೂ ಘೋರ, ಅದೇ ಕೊಮೆರ್ಸನ್‌ನಲ್ಲಿ 15 ದಿನಕ್ಕೆ 6,083 ಮಿಲಿಮೀಟರ್, ನಮ್ಮ ಆಗುಂಬೆಗೆ ವರ್ಷಪೂರ್ತಿ ಬಿದ್ರೂ ಸುಮಾರು 7,600 ಅಷ್ಟೇ. ಆ ಸೈಕ್ಲೋನ್‌ಗೆ ರಿಯೂನಿಯನ್‌ನಲ್ಲಿ 25 ಜನ ತೀರ್ಕೊಂಡ್ರು.

ಕಾರಣ ಬೆಟ್ಟ. ಸಮುದ್ರದ ನಡುವೆ 3,000 ಮೀಟರ್ ದಾಟಿದ ಗೋಡೆ ಥರ ನಿಂತಿದೆ, ಸೈಕ್ಲೋನ್ ತಳ್ಕೊಂಡು ಬರೋ ಒದ್ದೆ ಗಾಳಿಗೆ ಮೇಲೆ ಹತ್ತದೆ ಬೇರೆ ದಾರಿ ಇಲ್ಲ, ಹತ್ತಿದ ಹಾಗೆ ತಣ್ಣಗಾಗಿ ಸುರಿಯುತ್ತೆ, ಸೈಕ್ಲೋನ್ ನಿಧಾನ ಆದಷ್ಟೂ ಸುರೀತಾನೇ ಇರುತ್ತೆ. ಗಾಳಿ ಸ್ಪೀಡ್ ನೋಡಿ ಇದನ್ನ ಹೇಳೋಕಾಗಲ್ಲ.

ನಮ್ಮ ಘಟ್ಟದಲ್ಲೂ ಮಳೆ ಆಗೋದು ಹೀಗೇನೇ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಜರಿದಾಗ ಯಾವ ಸೈಕ್ಲೋನೂ ಇರಲಿಲ್ಲ, ಬರೀ ಮಳೆ. ಅದಕ್ಕೇ ಕೇಳ್ತಿರೋದು, ಜಿಲ್ಲೆಗೆ ಸರಾಸರಿ ಇಷ್ಟು ಅಂತ ಒಂದೇ ನಂಬರ್ ಹಾಕ್ಬೇಡಿ. ಪೇಟೇಲಿ ಒಂದು ಇಂಚು ಬಿದ್ದ ದಿನ ಮೇಲಿನ ಗುಡ್ಡದಲ್ಲಿ ಆರು ಬಿದ್ದಿರುತ್ತೆ, ಕೆಳಗೆ ಹಳ್ಳದ ಪಕ್ಕ ಮನೆ ಇರೋರಿಗೆ ಬೇಕಾಗಿರೋದು ಆ ಆರರ ಸುದ್ದಿ. ಘಟ್ಟದ ಮೇಲಿನ ಊರುಗಳ ಮಳೆನ ಹೆಸರು ಹಾಕಿ ದಿನಾ ಕೊಡಿ. ನಮ್ಮ ತೋಟದ ಲೆಕ್ಕ ಬೇಕಿದ್ರೆ ಬೆಳಿಗ್ಗೆ ಎಂಟೂವರೆಗೆ ನಾನೇ ಕಳಿಸ್ತೀನಿ.

ಇಂತಿ,
ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು