ಲೆನ್ಸ್ ಆರಿಸುವ ಮೊದಲು ದೂರ ಅಳೆ

ಅಂಕೋಲಾ
ಜೂನ್ 14

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿದಿದೆ. ಮೊನ್ನೆ ಫೋನಿನಲ್ಲಿ ನೀನು ಹುರುಪಿನಿಂದ ಹೇಳಿದ್ದನ್ನೆಲ್ಲ ಕೇಳಿದೆ, ನಡುವೆ ಬಾಯಿ ಹಾಕಲಿಲ್ಲ. ಫೋನಿನಲ್ಲಾದರೆ ನೀನು "ಹೂಂ ದೊಡ್ಡಪ್ಪ" ಅಂದು ಮುಗಿಸುತ್ತೀಯ. ಬರೆದರೆ ಒಂದು ಸಲವಾದರೂ ಓದುತ್ತೀಯ, ಅಲ್ವಾ?

ಕೈಯಲ್ಲಿ ಹಿಡಿದು ಬಾರ್‌ಕೋಡ್ ಓದಿಸುವ ಗನ್ನಿಗೂ, ಅಂದರೆ ಕೋಡ್ ರೀಡರಿಗೂ, ನಿಮ್ಮ ಕಂಪನಿಯವರು ಹೊಸದಾಗಿ ಕೈಹಾಕಿರುವ, ರೋಗಿಯ ಮೈಯೊಳಗೆ ಇಳಿಸಿ ನೋಡುವ ಮೆಡಿಕಲ್ ಪ್ರೋಬಿಗೂ ಒಂದೇ ಲಿಕ್ವಿಡ್ ಲೆನ್ಸ್ ಕೂರಿಸಬೇಕು ಅಂತ ನಿನ್ನ ಆಸೆ. ನನ್ನ ಮಾತು ಕೇಳುವುದಾದರೆ ರೀಡರಿಗೆ ಹಾಕು, ಅದೂ ಯೋಚನೆ ಮಾಡಿ. ಪ್ರೋಬಿನ ತುದಿಗೆ ಬೇಡ.

ಆ ಲೆನ್ಸ್ ಚೆಂದದ ವಸ್ತು, ಅದರಲ್ಲಿ ಎರಡು ಮಾತಿಲ್ಲ. ಅಷ್ಟು ಸಣ್ಣ ಡಬ್ಬಿಯೊಳಗೆ ಎಣ್ಣೆ, ನೀರು. ವೋಲ್ಟೇಜ್ ಕೊಟ್ಟರೆ ಎರಡೂ ಸೇರುವ ಜಾಗದ ಉಬ್ಬು ಹೆಚ್ಚುಕಮ್ಮಿ ಆಗುತ್ತದೆ, ಫೋಕಸ್ ಬದಲಾಗುತ್ತದೆ. ಸವೆಯುವ ಬಿಡಿಭಾಗ ಒಂದೂ ಇಲ್ಲ. ವಿದ್ಯುತ್ತಿನಿಂದ ದ್ರವದ ಮೈಯನ್ನು ಹೀಗೆ ಆಡಿಸಬಹುದು ಅಂತ ಫ್ರಾನ್ಸಿನ ಲಿಪ್‌ಮನ್ 1875ರಲ್ಲೇ ತೋರಿಸಿದ್ದರು. ಅದು ಲೆನ್ಸ್ ಆಗಿ ಮಾರುಕಟ್ಟೆಗೆ ಬರುವಾಗ 2000ನೇ ಇಸವಿ ದಾಟಿತ್ತು. ಎಣ್ಣೆಗೂ ನೀರಿಗೂ ಸಾಂದ್ರತೆ ಸಮ ಮಾಡಿರುತ್ತಾರಲ್ಲ, ಆ ತಲೆಗೆ ಕೈಮುಗಿಯಬೇಕು. ಇಲ್ಲದಿದ್ದರೆ ಗನ್ ಬಗ್ಗಿಸಿದಾಗ ಒಂದು ಚಿತ್ರ, ಅಡ್ಡ ಹಿಡಿದಾಗ ಇನ್ನೊಂದು ಚಿತ್ರ ಬರುತ್ತಿತ್ತು.

ಆದರೆ ಯಾವ ಲೆನ್ಸ್ ತಂದರೂ ಒಂದು ಲೆಕ್ಕದಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಸಣ್ಣದು ಕಾಣಬೇಕೆಂದರೆ ಆಳ, ಅಂದರೆ ಹತ್ತಿರದಿಂದ ದೂರದವರೆಗೆ ಸ್ಪಷ್ಟವಾಗಿ ಕಾಣುವ ಜಾಗ, ಬಿಟ್ಟುಕೊಡಬೇಕು. ಲೆನ್ಸ್ ಕೂಡಿಸುವ ಬೆಳಕಿನ ಚುಕ್ಕೆಯ ಅಗಲ ಅರ್ಧಕ್ಕಿಳಿದರೆ ಸ್ಪಷ್ಟವಾಗಿ ಕಾಣುವ ಆಳ ಕಾಲು ಭಾಗಕ್ಕೆ ಇಳಿಯುತ್ತದೆ. ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಕಿರಿದು ಮಾಡಿ ಆಳ ಹೆಚ್ಚಿಸೋಣ ಅಂದರೆ ಬೆಳಕು ಕಮ್ಮಿ ಆಯಿತು. ಬೆಳಕು ಕಮ್ಮಿ ಆದರೆ ಚಿತ್ರ ಹಿಡಿಯಲು ಜಾಸ್ತಿ ಹೊತ್ತು ಬೇಕು, ಅಷ್ಟರಲ್ಲಿ ಕೈ ಅಲುಗಿರುತ್ತದೆ. ಹಾಗಾಗಿ ಕ್ಯಾಟಲಾಗ್ ಬಿಚ್ಚುವ ಮೊದಲು, ಎಲ್ಲಿಂದ ಎಲ್ಲಿಯವರೆಗೆ ಕಾಣಬೇಕು, ಎಷ್ಟು ಸಣ್ಣದು ಕಾಣಬೇಕು ಅನ್ನುವುದು ನಿನಗೆ ಗೊತ್ತಿರಬೇಕು.

ಅದು ತಿಳಿಯಬೇಕಾದರೆ ಒಂದು ಮೆಡಿಕಲ್ ಶಾಪಿನಲ್ಲಿ ಹೋಗಿ ಕೂರು. ಬಿಸ್ಕೆಟ್ ಪ್ಯಾಕಿನ ಮೇಲಿನ ಬಾರ್‌ಕೋಡಿನಲ್ಲಿ ಅತಿ ಸಪೂರ ಗೆರೆಯ ಮಾಮೂಲು ಅಳತೆ 0.33 ಮಿಲಿಮೀಟರ್. ಅದನ್ನು ಹೇಗೆ ಹಿಡಿದರೂ ಟಿಂಯ್ ಅನ್ನುತ್ತದೆ. ಔಷಧಿಯ ಕಥೆ ಬೇರೆ. 2023ರ ಆಗಸ್ಟಿನಿಂದ 300 ಬ್ರಾಂಡಿನ ಔಷಧಿಗಳಿಗೆ ಕೋಡ್ ಕಡ್ಡಾಯ. ಜಾಗ ಇರುವುದೇ ಅಷ್ಟು, ಅದರಲ್ಲೇ ಸಣ್ಣದಾಗಿ ಒತ್ತಿರುತ್ತಾರೆ. ನಮ್ಮ ಪೇಟೆಯ ಅಂಗಡಿಯ ಹುಡುಗ ಹೊಳೆಯುವ ಸ್ಟ್ರಿಪ್ಪನ್ನು ಗನ್ನಿನ ಮುಂದೆ ತರುತ್ತಾನೆ, ಹಿಂದೆ ಒಯ್ಯುತ್ತಾನೆ, ಟ್ಯೂಬ್‌ಲೈಟಿನ ಹೊಳಪು ತಪ್ಪಿಸಲು ಓರೆ ಮಾಡುತ್ತಾನೆ. ಆಮೇಲೆ ಗೊಣಗುತ್ತಾ ಕೈಯಲ್ಲೇ ನಂಬರ್ ಹೊಡೆಯುತ್ತಾನೆ. ಅವನ ಕೈ ಹೋಗಿಬರುವ ಆ ಗೇಣುದ್ದದ ಜಾಗವೇ ನಿನಗೆ ಬೇಕಾದ ಅಳತೆ. ಸ್ಕೇಲ್ ಹಿಡಿದು ಅಳೆ. ಫೋಕಸ್ ಅಂತ ನೀನು ಬರೆದುಕೊಂಡ ತೊಂದರೆಗಳಲ್ಲಿ ಎಷ್ಟೋ ಹೊಳಪಿನವು ಅಂತಲೂ ಕಾಣುತ್ತದೆ. ಅದಕ್ಕೆ ಲೈಟಿನ ಕೋನ ಬದಲಿಸಬೇಕೇ ಹೊರತು ದುಬಾರಿ ಲೆನ್ಸ್ ತಂದು ಏನು ಮಾಡುತ್ತೀಯ?

ಅಂಥ ಕೌಂಟರಿಗೆ ಫಿಕ್ಸೆಡ್ ಫೋಕಸೇ ಸಾಕಾಗಬಹುದು. ಗೋಡೌನಿನಲ್ಲಿ ಹಾಗಲ್ಲ. ಕೈಯಲ್ಲಿರುವ ಚೀಟಿಯನ್ನೂ ಓದಬೇಕು, ಮೇಲಿನ ರ‍್ಯಾಕಿನ ಪೆಟ್ಟಿಗೆಯನ್ನೂ ಓದಬೇಕು. ಅಲ್ಲಿ ಲಿಕ್ವಿಡ್ ಲೆನ್ಸಿಗೆ ಹಾಕಿದ ದುಡ್ಡು ವಸೂಲಾಗುತ್ತದೆ. ಆದರೂ ಅದು ಹಿಂದೆ ಮುಂದೆ ಹುಡುಕುತ್ತಾ ಕೂರುವಂತೆ ಮಾಡಬೇಡ. ಗುರಿ ಇಡುವ ಕೆಂಪು ಚುಕ್ಕೆ ಚಿತ್ರದಲ್ಲಿ ಎಷ್ಟು ಪಕ್ಕಕ್ಕೆ ಸರಿದಿದೆ ಅನ್ನುವುದರಿಂದಲೇ ದೂರ ಸಿಗುತ್ತದೆ. ನೇರ ಅಲ್ಲಿಗೇ ಫೋಕಸ್ ಮಾಡಬಹುದು. ಚಳಿಯಲ್ಲಿ ದ್ರವ ಮಂದವಾಗುತ್ತದೆ, ಲೆನ್ಸ್ ನಿಧಾನವಾಗುತ್ತದೆ, ಅದನ್ನೂ ನೋಡಿಕೋ. ಕಾರವಾರದ ಬೈತಖೋಲದಂಥ ಬಂದರಿನಲ್ಲಿ ಐಸಿನ ಕೋಣೆಯಿಂದ ಗನ್ ಹೊರಗೆ ತಂದರೆ ಗಾಜಿಗೆ ಆ ಕ್ಷಣವೇ ಮಬ್ಬು ಹಿಡಿಯುತ್ತದೆ. ಬೆಂಗಳೂರಿನ ಎಸಿ ಲ್ಯಾಬಿನಲ್ಲಿ ಇದು ಗೊತ್ತೇ ಆಗುವುದಿಲ್ಲ.

ಇನ್ನು ಪ್ರೋಬ್. ಆಸ್ಪತ್ರೆಯ ಉಪಕರಣ ರಿಪೇರಿ ಮಾಡಿಯೇ ಹೊಟ್ಟೆ ಹೊರೆದವನು ನಾನು, ಹಾಗಾಗಿ ಇಲ್ಲಿ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಹೊಟ್ಟೆಯೊಳಗೆ ಇಳಿಸಿ ನೋಡುವ ಎಂಡೋಸ್ಕೋಪ್ ಕೆಟ್ಟು ನನ್ನ ಟೇಬಲ್ಲಿಗೆ ಬಂತೆಂದರೆ ಹೆಚ್ಚಾಗಿ ಒಳಗೆ ನೀರು ಹೊಕ್ಕಿರುತ್ತಿತ್ತು. ಪ್ರತಿ ರೋಗಿ ಆದಮೇಲೆ ತೊಳೆಯಬೇಕು, ಬ್ರಶ್ ಹಾಕಬೇಕು, 2% ಗ್ಲುಟರಾಲ್ಡಿಹೈಡ್ ಅನ್ನುವ ಕ್ರಿಮಿನಾಶಕದಲ್ಲಿ ಮುಳುಗಿಸಬೇಕು. ರಬ್ಬರಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಲೀಕ್ ಟೆಸ್ಟಿನಲ್ಲಿ ಗುಳ್ಳೆ ಏಳುತ್ತದೆ. ಒಂದು ಆಸ್ಪತ್ರೆಯಲ್ಲಿ ಆ ಟೆಸ್ಟ್ ಮಾಡದೆಯೇ ಮುಳುಗಿಸುತ್ತಿದ್ದರು, ಹೇಳಿ ಹೇಳಿ ನನಗೆ ಸಾಕಾಯಿತು. ಅಂಥವರ ಕೈಗೆ ನೀನು ಹತ್ತಾರು ವೋಲ್ಟ್ ಬೇಡುವ ಲೆನ್ಸನ್ನು ಕೊಡಲು ಹೊರಟಿದ್ದೀಯ. ಹೃದಯಕ್ಕೆ ನೇರ ತಾಗುವ ಉಪಕರಣದಿಂದ ಮಾಮೂಲು ಸ್ಥಿತಿಯಲ್ಲಿ 10 ಮೈಕ್ರೋಆಂಪಿಯರಿಗಿಂತ ಜಾಸ್ತಿ ಕರೆಂಟು ರೋಗಿಯ ಮೈಗೆ ಸೋರಬಾರದು ಅಂತ ನಿಯಮ ಇದೆ, ಮರೆಯಬೇಡ.

ಅಷ್ಟಕ್ಕೂ ಅಲ್ಲಿ ಫೋಕಸ್ ಬದಲಿಸುವ ಅಗತ್ಯ ಎಷ್ಟಿದೆ? ಹೊಟ್ಟೆ ನೋಡುವ ಸಾಮಾನ್ಯ ಸ್ಕೋಪಿಗೆ ಸುಮಾರು 3 ಮಿಲಿಮೀಟರಿನಿಂದ 100 ಮಿಲಿಮೀಟರ್ ವರೆಗೆ ಕಂಡರೆ ಸಾಕು. ಸಣ್ಣ ಫಿಕ್ಸೆಡ್ ಲೆನ್ಸೇ ಅದನ್ನು ಕೊಡುತ್ತದೆ. ರಕ್ತನಾಳದೊಳಗೆ ಹೋಗಿ ಬೆಳಕಿನಿಂದ ಒಳಪದರಗಳ ಚಿತ್ರ ತೆಗೆಯುವ ಓಸಿಟಿ ಪ್ರೋಬ್ ಅಂತೂ ಒಂದು ಮಿಲಿಮೀಟರಿನ ಆಸುಪಾಸು ದಪ್ಪ. 1991ರಲ್ಲಿ ಪ್ರಕಟವಾದ ಆ ವಿಧಾನದಲ್ಲಿ ಒಂದು ಅನುಕೂಲ ಇದೆ. ಪದರ ಪದರ ಬಿಡಿಸಿ ತೋರಿಸುವ ಕೆಲಸ ಬೆಳಕಿನ ತರಂಗಗಳ ಹರಹಿನದು. ಫೋಕಸ್ ಬೇಕಾಗುವುದು ಅಡ್ಡಕ್ಕೆ ಸ್ಪಷ್ಟವಾಗಿ ಕಾಣಲು ಮಾತ್ರ. ಹಾಗಾಗಿ ಚುಕ್ಕೆಯನ್ನು ಸ್ವಲ್ಪ ದಪ್ಪ ಇಟ್ಟುಕೊಂಡು ಆಳ ಉಳಿಸಿಕೊಳ್ಳಬಹುದು. ಆಕ್ಸಿಕಾನ್ ಅನ್ನುವ ಶಂಕುವಿನಾಕಾರದ ಲೆನ್ಸ್ ಹಾಕಿ ಆಳ ಎಳೆಯುವವರೂ ಇದ್ದಾರೆ, ಆದರೆ ಬೆಳಕು ಸುತ್ತಲೂ ಹಂಚಿಹೋಗುತ್ತದೆ. ನಾನಾದರೆ ತುದಿಗೆ ಬೆಳಕನ್ನು ತನ್ನ ಒಳಗೇ ಬಾಗಿಸುವ ಸಾದಾ ಗ್ರಿನ್ ಲೆನ್ಸ್ ಹಾಕುತ್ತೇನೆ.

ಚಿಕ್ಕವನಿದ್ದಾಗ ಊಟಕ್ಕೆ ಕೂತರೆ ಬಂಗಡೆಯ ಕಣ್ಣಿನ ಬಿಳಿ ಗುಂಡು ತೆಗೆದು ಬಟ್ಟಲಿನ ಅಂಚಿಗೆ ಸಾಲಾಗಿ ಇಡುತ್ತಿದ್ದೆಯಲ್ಲ, ಅದು ಗ್ರಿನ್ ಲೆನ್ಸೇ. ಬೆಂದ ಮೇಲೆ ಬಿಳಿ, ಹಸಿಯಿದ್ದಾಗ ಗಾಜಿನಷ್ಟು ತಿಳಿ. ನಡುವೆ ಗಟ್ಟಿ, ಅಂಚಿಗೆ ಹೋದಂತೆ ಮೆದು. ಅದಕ್ಕೇ ಬೆಳಕು ಒಳಗೊಳಗೇ ಬಾಗುತ್ತಾ ಹೋಗುತ್ತದೆ. ಮ್ಯಾಕ್ಸ್‌ವೆಲ್ 1854ರಲ್ಲೇ ಇಂಥ ಒಂದು ಲೆನ್ಸಿನ ಲೆಕ್ಕ ಕೊಟ್ಟಿದ್ದರು, ಅದಕ್ಕೆ ಇವತ್ತಿಗೂ ಮೀನಿನ ಕಣ್ಣು ಅಂತಲೇ ಹೆಸರು. ನಮ್ಮ ಕಣ್ಣಿನ ಲೆನ್ಸ್ ಉಬ್ಬುತ್ತದೆ, ನಲವತ್ತು ದಾಟಿದ ಮೇಲೆ ಅದಕ್ಕೆ ಸೋಮಾರಿತನ, ಚಾಳೀಸು ಬರುತ್ತದೆ. ಮೀನು ಅದನ್ನು ಉಬ್ಬಿಸಲು ಹೋಗುವುದೇ ಇಲ್ಲ, ಇಡೀ ಗುಂಡನ್ನೇ ಹಿಂದೆ ಮುಂದೆ ಸರಿಸುತ್ತದೆ.

ಲಿಕ್ವಿಡ್ ಲೆನ್ಸ್ ಬೇಕೇ ಬೇಕು ಅಂತ ಹಟ ಇದ್ದರೆ, ಹೊಟ್ಟೆಗೆ ಸಣ್ಣ ತೂತು ಮಾಡಿ ಆಪರೇಶನ್ ಮಾಡುವಾಗ ಬಳಸುವ ಲ್ಯಾಪರೋಸ್ಕೋಪಿನಂಥ ಗಟ್ಟಿ ಸ್ಕೋಪಿಗೆ ಹಾಕು. ಅದರ ಕ್ಯಾಮೆರಾ ಹೆಡ್ ರೋಗಿಯ ಮೈಯಿಂದ ಹೊರಗೇ ಇರುತ್ತದೆ, ಡಾಕ್ಟರು ಫೋಕಸ್ ರಿಂಗ್ ತಿರುಗಿಸುವುದೂ ಅಲ್ಲೇ. ಅವರ ಒಂದು ಕೈ ಬಿಡುವಾಗುತ್ತದೆ.

ಮ್ಯಾನೇಜರ ಹತ್ತಿರ ಮಾತಾಡುವ ಮೊದಲು ಅಳತೆಯ ಪಟ್ಟಿ ನನಗೊಮ್ಮೆ ಕಳಿಸು. ಒದ್ದೆ ಕೈಯಲ್ಲಿ, ಮಂದ ಬೆಳಕಿನಲ್ಲಿ ಅಳೆದದ್ದೂ ಅದರಲ್ಲಿ ಇರಲಿ. ಕರಿ ಇಶಾಡು ಮಾವು ಮುಗಿಯುತ್ತಾ ಬಂತು, ನಿನ್ನ ದೊಡ್ಡಮ್ಮ ರಸ ತೆಗೆದು ಬಾಟಲಿಗೆ ತುಂಬಿಸಿಟ್ಟಿದ್ದಾಳೆ. ಬಸ್ಸಿಗೆ ಹಾಕಿ ಕಳಿಸಲಾ, ಇಲ್ಲ ನೀನೇ ಬರುತ್ತೀಯಾ, ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ