ಬೇಲಿಯಿಲ್ಲದ ಹೊಲಗಳ ಊರು: ಸರ್ವೇಯರ್ ಗೆಳೆಯನಿಗೊಂದು ಪತ್ರ

ಪ್ರಿಯ ವೆಂಕಟರಮಣ,

ನವೆಂಬರ್ ಕೊನೆಗೆ ಮಗಳ ಮನೆಗೆಂದು ನಾಟಿಂಗ್‌ಹ್ಯಾಮಿಗೆ ಬರುವವನಿದ್ದೀಯಂತೆ. ಇಂಗ್ಲೆಂಡಿನ ಒಂದು ಹಳ್ಳಿ ನೋಡಬೇಕು, ಆದರೆ ಕ್ಯಾಲೆಂಡರಿನಲ್ಲಿ ಅಚ್ಚು ಹಾಕುವಂಥ ಹಳ್ಳಿ ಬೇಡ ಅಂತ ಬರೆದಿದ್ದೆ. ಹಾಗಿದ್ದರೆ ಲ್ಯಾಕ್ಸ್‌ಟನ್‌ಗೆ ಹೋಗು. ಆಯುಷ್ಯವೆಲ್ಲ ಸರಪಳಿ ಎಳೆದು, ಗಡಿಕಲ್ಲು ಹುಡುಕಿ, ಒತ್ತುವರಿ ತಕರಾರು ಕೇಳಿದವನಿಗೆ ಅದಕ್ಕಿಂತ ಒಳ್ಳೆಯ ಊರು ಆ ದೇಶದಲ್ಲಿ ಇನ್ನೊಂದಿಲ್ಲ.

ಊರು ನಾಟಿಂಗ್‌ಹ್ಯಾಮ್‌ಶೈರಿನಲ್ಲೇ ಇದೆ, ಶೆರ್ವುಡ್ ಕಾಡಿನ ಮೂಡಲಿಗೆ. ನ್ಯೂವಾರ್ಕ್ ಪೇಟೆಯಿಂದ ಹತ್ತು ಮೈಲಿ ಆಸುಪಾಸು. ಒಂದು ಬೀದಿ, ಒಂದು ಇಗರ್ಜಿ, ಡವ್‌ಕೋಟ್ ಇನ್ ಎಂಬ ಒಂದು ಪಬ್, ಇಟ್ಟಿಗೆಯ ಮನೆಗಳು. ಮೇಲುನೋಟಕ್ಕೆ ಏನೂ ಇಲ್ಲ. ವಿಶೇಷ ಇರುವುದು ಊರಾಚೆಯ ಹೊಲದಲ್ಲಿ. ಪಶ್ಚಿಮದ ಹೊಲ, ಗಾಳಿಗಿರಣಿಯ ಹೊಲ, ದಕ್ಷಿಣದ ಹೊಲ ಎಂದು ಮೂರು ದೊಡ್ಡ ಬಯಲುಗಳಿವೆ. ಒಂದೊಂದರಲ್ಲೂ ಹಲವು ರೈತರ ಉದ್ದುದ್ದ ಜಮೀನಿನ ಪಟ್ಟಿಗಳಿವೆ, ನಡುವೆ ಬೇಲಿಯೂ ಇಲ್ಲ, ಬದುವೂ ಇಲ್ಲ. ಮಧ್ಯಯುಗದಲ್ಲಿ ಇಂಗ್ಲೆಂಡಿನ ನಡುನಾಡಿನಲ್ಲೆಲ್ಲ ಬೇಸಾಯ ನಡೆದದ್ದು ಹೀಗೇ. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಕಾಯ್ದೆ ಮಾಡಿ ಸುಮಾರು 68 ಲಕ್ಷ ಎಕರೆಗೆ ಬೇಲಿ ಹಾಕಿಸಿತು. ಲ್ಯಾಕ್ಸ್‌ಟನ್ನಿನಲ್ಲೂ ಅಂಚಿನ ಜಮೀನು ಬೇಲಿಯೊಳಗೆ ಹೋಯಿತು, ಆದರೆ ಕೆಲಸ ಪೂರ್ತಿಯಾಗಲಿಲ್ಲ. ಸುಮಾರು 480 ಎಕರೆ ಇವತ್ತಿಗೂ ಹಳೇ ಕಟ್ಟಿನಲ್ಲೇ ಉಳಿದಿದೆ.

ಈಗ ನಿನ್ನ ಲೆಕ್ಕಕ್ಕೆ ಬರೋಣ. ಹಳೇ ಇಂಗ್ಲಿಷ್ ಎಕರೆಯೆಂದರೆ 66 ಅಡಿ ಅಗಲ, 660 ಅಡಿ ಉದ್ದದ ತುಂಡು. ಆ 660 ಅಡಿಯೇ ಒಂದು ಫರ್ಲಾಂಗು, ಎತ್ತುಗಳು ದಣಿವಾರಿಸಿಕೊಳ್ಳದೆ ಒಂದೇ ಉಸಿರಿಗೆ ಎಳೆಯಬಹುದಾದ ಸಾಲಿನ ಉದ್ದ ಎಂದು ಹೇಳುವುದುಂಟು. ನೀವು ಮುಂಬಯಿ ಕರ್ನಾಟಕದಲ್ಲಿ ಹಿಡಿದದ್ದು ಹದಿನಾರು ಆಣೆಗಳಾಗಿ ಭಾಗ ಮಾಡಿದ 33 ಅಡಿಯ ಸರಪಳಿ. ಹಾಗಾದರೆ ಫರ್ಲಾಂಗಿಗೆ ಇಪ್ಪತ್ತು ಸರಪಳಿ. ಅವರ ಕಿರಿದಾದ ಪಟ್ಟಿಯ ಅಗಲ ಒಂದು ರಾಡ್, ಅಂದರೆ ಹದಿನಾರೂವರೆ ಅಡಿ, ನಿನ್ನ ಸರಪಳಿಯ ಅರ್ಧ. ಅಷ್ಟು ಅಗಲ, ಅಷ್ಟು ಉದ್ದ ಗುಣಿಸಿ ನೋಡು, ಸರಿಯಾಗಿ ಹತ್ತು ಗುಂಟೆ. ನಿನ್ನ ಪಹಣಿಯ ಗುಂಟೆ ಆ ಹೊಲಗಳಲ್ಲಿ ಹೀಗೆ ಮಲಗಿಕೊಂಡಿದೆ. ಇದು ಕಾಗದದ ಲೆಕ್ಕ, ನೆಲದ ಮೇಲೆ ಪಟ್ಟಿಗಳು ಇಳಿಜಾರು ನೋಡಿಕೊಂಡು ಹೆಚ್ಚುಕಮ್ಮಿ ಆಗಿವೆ. ಮೇಲಾಗಿ 1900ರ ನಂತರದ ವರ್ಷಗಳಲ್ಲಿ ಚಿಕ್ಕ ಪಟ್ಟಿಗಳನ್ನು ಕೂಡಿಸಿ ದೊಡ್ಡದು ಮಾಡಿದರು, ಹಾಗಾಗಿ ಈಗ ಕಾಣುವುದು ಅಗಲದ ಪಟ್ಟಿಗಳು.

ಒಬ್ಬನ ಜಮೀನನ್ನು ಹೀಗೆ ಮೂರು ಬಯಲಿಗೂ ಚೆದುರಿಸಿದ್ದು ದಡ್ಡತನ ಎಂದು ಹದಿನೆಂಟನೇ ಶತಮಾನದ ಸುಧಾರಕರು ಬರೆದದ್ದೇ ಬರೆದದ್ದು. ನನಗೆ ಹಾಗೆ ಅನ್ನಿಸುವುದಿಲ್ಲ. ಅಲ್ಲಿಯದು ಅಂಟು ಜೇಡಿ, ಕೆಂಪು ಬಣ್ಣದ ಭಾರೀ ಮಣ್ಣು. ಮಳೆ ಹೆಚ್ಚಾದ ವರ್ಷ ತಗ್ಗಿನದು ಕೊಳೆಯುತ್ತದೆ, ಎತ್ತರದ್ದು ಬದುಕುತ್ತದೆ. ಬರ ಬಂದರೆ ಉಲ್ಟಾ. ಎಲ್ಲರಿಗೂ ತಗ್ಗಿನಲ್ಲೊಂದು, ದಿಬ್ಬದಲ್ಲೊಂದು ತುಂಡು ಇದ್ದರೆ ಯಾರೂ ಪೂರಾ ಮುಳುಗುವುದಿಲ್ಲ. ಅದಕ್ಕಿಂತ ಮುಖ್ಯ, ಬೆಳೆ ಸರದಿ. ಒಂದು ಬಯಲಿಗೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದಲ್ಲಿ ಬಿತ್ತುವ ಬಾರ್ಲಿ, ಓಟ್ಸ್ ಅಥವಾ ಅವರೆ ಜಾತಿಯ ಕಾಳು, ಮೂರನೆಯದು ಬೀಳು. ಮುಂದಿನ ವರ್ಷ ಒಂದು ಹೆಜ್ಜೆ ಸರಿಯುತ್ತದೆ. ನಿನ್ನದೆಲ್ಲ ಒಂದೇ ಬಯಲಿನಲ್ಲಿದ್ದರೆ ಮೂರು ವರ್ಷಕ್ಕೊಮ್ಮೆ ಉಪವಾಸವೇ. ಅದಕ್ಕೇ ಮೂರರಲ್ಲೂ ಪಾಲು.

ಬೀಳು ಬಿಡುವುದೆಂದರೆ ಸುಮ್ಮನೆ ಬಿಡುವುದಲ್ಲ. ಕುರಿ ಮೇಯಿಸಿ ಗೊಬ್ಬರ ಮಾಡಿಸಿಕೊಂಡು, ಬೇಸಿಗೆಯಲ್ಲಿ ಮತ್ತೆ ಮತ್ತೆ ಉತ್ತು ಕಳೆಯ ಬೇರನ್ನು ಬಿಸಿಲಿಗೆ ಒಣಗಿಸುತ್ತಿದ್ದರು. ಈಗ ಆ ಸರದಿಯಲ್ಲಿ ಹುಲ್ಲಿನಂಥ ಮೇವಿನ ಬೆಳೆಗೂ ಅವಕಾಶವಿದೆ. ಕೊಯ್ಲಾದ ಮೇಲೆ ಕೂಳೆ ಮೇಯಲು ಇಡೀ ಊರಿನ ಕುರಿಗಳು ಬಯಲಿಗೆ ನುಗ್ಗುವ ಪದ್ಧತಿಯೂ ಇತ್ತು. ಇಲ್ಲಿಯೇ ಈ ವ್ಯವಸ್ಥೆಯ ಬಿಗಿ ಅರ್ಥವಾಗುವುದು. ಒಬ್ಬ ತಡವಾಗಿ ಬಿತ್ತಿದರೆ ತಡವಾಗಿ ಕೊಯ್ಯುತ್ತಾನೆ, ಅವನೊಬ್ಬನಿಗಾಗಿ ಎಲ್ಲರ ಕುರಿಯೂ ಕಾಯಬೇಕು. ಒಬ್ಬ ಕಳೆ ಕೀಳದಿದ್ದರೆ ಅವನ ಮುಳ್ಳುಗಿಡದ ಬೀಜ ಗಾಳಿಯಲ್ಲಿ ಹಾರಿ ಪಕ್ಕದವನ ಗೋಧಿಯಲ್ಲಿ ಮೊಳೆಯುತ್ತದೆ. ಒಬ್ಬ ಕಾಲುವೆ ತೋಡದಿದ್ದರೆ ಮೇಲಿನ ಮೂವರ ನೀರು ನಿಲ್ಲುತ್ತದೆ, ಜೇಡಿಮಣ್ಣಿನಲ್ಲಿ ನಿಂತ ನೀರು ಗೋಧಿಯ ಬೇರನ್ನು ಉಸಿರುಗಟ್ಟಿಸಿ ಹಳದಿ ಮಾಡುತ್ತದೆ. ಬೇಲಿಯಿಲ್ಲದ ಹೊಲ ಅಂದರೆ ಸ್ವಾತಂತ್ರ್ಯ ಅಂದುಕೊಳ್ಳಬೇಡ ಮಾರಾಯ, ಬೇಲಿ ಇದ್ದವನಿಗೆ ಇಷ್ಟು ಕಟ್ಟುಪಾಡು ಇರುವುದಿಲ್ಲ.

ಬದುವಿಲ್ಲದೆ ಗಡಿ ಹೇಗೆ ಅಂತ ಕೇಳುತ್ತೀಯ. ನೇಗಿಲೇ ಗಡಿ ಮಾಡುತ್ತಿತ್ತು. ಅವರ ಹಳೇ ನೇಗಿಲಿನ ಹಲಗೆ ಮಣ್ಣನ್ನು ಬಲಕ್ಕೆ ಮಾತ್ರ ಮಗುಚುವಂಥದ್ದು. ಪಟ್ಟಿಯ ನಟ್ಟನಡುವೆ ಮೊದಲ ಸಾಲು ಹೊಡೆದು, ಕೊನೆಯಲ್ಲಿ ಬಲಕ್ಕೆ ತಿರುಗಿ, ಮೊದಲ ಸಾಲಿಗೆ ಮಣ್ಣು ಒರಗುವಂತೆ ವಾಪಸ್ ಬಂದು, ಹೀಗೆ ಸುತ್ತುತ್ತ ಸುತ್ತುತ್ತ ಅಂಚಿಗೆ ಹೋಗುವುದು. ಪ್ರತಿ ಸಲ ಮಣ್ಣು ಒಳಕ್ಕೇ ಬೀಳುತ್ತದೆ. ವರ್ಷಗಟ್ಟಲೆ ಹೀಗೆ ಉತ್ತರೆ ನಡು ಉಬ್ಬುತ್ತದೆ, ಇಬ್ಬರ ಪಟ್ಟಿಯ ನಡುವೆ ತೆರೆದ ಸಾಲು ಆಳವಾಗುತ್ತದೆ. ಅದೇ ಗಡಿ, ಅದೇ ಬಸಿಗಾಲುವೆ. ಹಾಗೇ ಕೆಲವು ಹಳೇ ಪಟ್ಟಿಗಳು ನೆಟ್ಟಗಿರುವುದಿಲ್ಲ, ಎರಡು ತುದಿಯಲ್ಲೂ ಎದುರುಬದುರು ಬಾಗಿರುತ್ತವೆ. ಎಂಟೆತ್ತು ಕಟ್ಟಿದ ಉದ್ದನೆಯ ನೇಗಿಲು ಹೊಲದ ತುದಿಯ ಕಿರಿದಾದ ತಲೆಪಟ್ಟಿಯಲ್ಲಿ ತಿರುಗಬೇಕಾದರೆ ತುದಿ ಬರುವ ಮೊದಲೇ ಎಡಕ್ಕೆ ವಾಲಿಕೊಳ್ಳಬೇಕು, ಆ ವಾಲಿಕೆ ನೆಲದಲ್ಲಿ ಉಳಿದುಬಿಟ್ಟಿದೆ. ಈಗಿನ ಟ್ರ್ಯಾಕ್ಟರ್ ನೇಗಿಲು ಎರಡೂ ಕಡೆ ಮಗುಚುತ್ತದೆ, ಆದ್ದರಿಂದ ಉಳುಮೆಯಾಗುವ ಜಾಗದಲ್ಲಿ ಉಬ್ಬು ಸವೆಯುತ್ತದೆ. ಬಹಳ ಹಿಂದೆಯೇ ಹುಲ್ಲುಗಾವಲಾದ ಜಾಗ ಹುಡುಕು. ಮಧ್ಯಾಹ್ನ ಮೂರಕ್ಕೆ ಅಲ್ಲಿನ ಸೂರ್ಯ ನೆಲಕ್ಕೆ ತೀರ ಓರೆಯಾಗಿರುತ್ತಾನೆ, ಆಗ ಒಂದೊಂದು ಉಬ್ಬಿನ ನೆರಳೂ ಎಣಿಸುವಷ್ಟು ಸ್ಪಷ್ಟ. ನಡುಮಧ್ಯಾಹ್ನ ಹೋದರೆ ಬರೀ ಹುಲ್ಲು ಕಾಣುತ್ತದೆ.

ಉಳಲು ಆಗದಷ್ಟು ತೇವದ ಅಥವಾ ಕಡಿದಾದ ಜಾಗಗಳನ್ನು ಹುಲ್ಲಿಗೆ ಬಿಟ್ಟಿದ್ದಾರೆ, ಅವಕ್ಕೆ ಸೈಕ್ ಎನ್ನುತ್ತಾರೆ. ಅದರ ಹುಲ್ಲನ್ನು ಬೇಸಿಗೆಯಲ್ಲಿ ರೈತರ ನಡುವೆಯೇ ಹರಾಜು ಹಾಕುತ್ತಾರೆ, ಕೊಂಡವನು ಕೊಯ್ದು ಒಣಹುಲ್ಲು ಮಾಡಿಕೊಳ್ಳಬೇಕು. ನೇಗಿಲು ಕಾಣದ ನೆಲವಾದ್ದರಿಂದ ಕಾಡುಹೂವುಗಳಿಗೆ ಅದೊಂದು ಆಸರೆ, ಕೆಲವನ್ನು ಸರಕಾರ ಸಂರಕ್ಷಿತ ತಾಣವೆಂದು ಗುರುತಿಸಿದೆ. ಆದರೆ ಒಬ್ಬ ರೈತ ವರ್ಷಕ್ಕೆ ಒಂದೇ ಸಾಲು ಸೈಕಿನೊಳಕ್ಕೆ ನೇಗಿಲು ಜರುಗಿಸಿದರೂ ಸಾಕು, ಹತ್ತು ವರ್ಷದಲ್ಲಿ ಸೈಕ್ ಸಣ್ಣದಾಗುತ್ತದೆ. ರಸ್ತೆಯ ಕಡೆಗೂ ಅದೇ ಆಸೆ. ನಿನ್ನ ಕಡತಗಳಲ್ಲಿ ನೋಡಿದ್ದೇ ತಾನೆ ಇದು?

ಇದಕ್ಕೆ ಅವರ ಮದ್ದು ಕೋರ್ಟ್ ಲೀಟ್, ಅಂದರೆ ಊರ ಒಡೆಯರ ಹೆಸರಿನಲ್ಲಿ ಕೂರುವ ಹಳೇ ಕಾಲದ ಹಳ್ಳಿ ನ್ಯಾಯಾಲಯ. ನೀನು ಬರುವ ಕಾಲವೂ ಅದಕ್ಕೆ ಹೊಂದುತ್ತದೆ. ನವೆಂಬರ್ ಕೊನೆಯ ಒಂದು ಗುರುವಾರ ಹನ್ನೆರಡು ಮಂದಿಯ ಜ್ಯೂರಿ, ಎಲ್ಲರೂ ಅಲ್ಲಿಯ ರೈತರೇ, ಆ ವರ್ಷ ಗೋಧಿ ಬಿತ್ತಿದ ಬಯಲಿಗೆ ಟ್ರೇಲರ್ ಹತ್ತಿ ಹೊರಡುತ್ತದೆ. ಗೋಧಿ ಆಗಷ್ಟೇ ಬೆರಳುದ್ದ ಬಂದಿರುವುದರಿಂದ ಯಾರು ಎಲ್ಲಿಯವರೆಗೆ ಉತ್ತಿದ್ದಾರೆಂಬುದು ಹಸಿರು ಗೆರೆಯಾಗಿ ಕಾಣುತ್ತದೆ. ಪಟ್ಟಿಯ ತುದಿಗಳನ್ನು ನೋಡುತ್ತ ಹೋಗುತ್ತಾರೆ. ಗಡಿ ಮಸುಕಾದಲ್ಲಿ ಮರದ ಗೂಟ ಹೊಡೆಯುತ್ತಾರೆ. ರಸ್ತೆ ಸವೆದಿದೆಯೇ, ಸೈಕ್ ಒತ್ತುವರಿಯಾಗಿದೆಯೇ, ಕಾಲುವೆ ತೋಡಿದೆಯೇ ಎಂದು ನೋಡಿ ಮುಖ್ಯಸ್ಥ ಬರೆದುಕೊಳ್ಳುತ್ತಾನೆ. ಆಮೇಲೆ ಪಬ್ಬಿನಲ್ಲಿ ಊಟ. ಮುಂದಿನ ವಾರ ಅದೇ ಪಬ್ಬಿನಲ್ಲಿ ಕೋರ್ಟು ಕೂರುತ್ತದೆ. ಒಡೆಯರ ಪರವಾಗಿ ಸ್ಟುವರ್ಡ್ ಕುರ್ಚಿಯಲ್ಲಿರುತ್ತಾನೆ, ಹೆಸರು ಕೂಗುತ್ತಾರೆ, ತಪ್ಪು ಮಾಡಿದವರ ಪಟ್ಟಿ ಓದುತ್ತಾರೆ, ದಂಡ ಹಾಕುತ್ತಾರೆ, ಬರುವ ವರ್ಷದ ಜ್ಯೂರಿಗೆ ಪ್ರಮಾಣ ಮಾಡಿಸುತ್ತಾರೆ.

ದಂಡದ ಮೊತ್ತ ತೀರಾ ಚಿಲ್ಲರೆ. ಆದರೆ ನಿನ್ನ ಹೆಸರನ್ನು ನಿನ್ನ ನೆರೆಯವರ ಎದುರೇ, ನಿನ್ನಷ್ಟೇ ಬೇಸಾಯ ಬಲ್ಲವರು ಓದುತ್ತಾರೆ. ಮುಂದಿನ ವರ್ಷ ಆ ಗೂಟ ಹೊಡೆಯುವ ಸರದಿ ನಿನ್ನದೂ ಆಗಬಹುದು. ಇದು ನಡೆಯುತ್ತಿರುವುದು ದೊಡ್ಡ ದಂಡದಿಂದಲ್ಲ, ಪ್ರತಿ ವರ್ಷ ತಪ್ಪದೆ ನೋಡುವುದರಿಂದ ಎಂಬುದೇ ನನ್ನ ಎಣಿಕೆ. ಒತ್ತುವರಿ ಒಂದು ಸಾಲಿನಷ್ಟಿದ್ದಾಗಲೇ ಹಿಡಿದರೆ ಗೂಟ ಸಾಕು, ಇಪ್ಪತ್ತು ವರ್ಷ ಬಿಟ್ಟರೆ ವಕೀಲರು ಬೇಕು. 1977ರ ಕಾಯ್ದೆ ದೇಶದ ಇಂಥ ಕೋರ್ಟುಗಳಿಂದ ವ್ಯಾಜ್ಯ ತೀರಿಸುವ ಅಧಿಕಾರವನ್ನು ಬಹುಮಟ್ಟಿಗೆ ಕಿತ್ತುಕೊಂಡಿತು. ಎಷ್ಟೋ ಕಡೆ ಉಳಿದದ್ದು ನಿಲುವಂಗಿ ಮತ್ತು ಭೋಜನ. ಲ್ಯಾಕ್ಸ್‌ಟನ್ನಿನಲ್ಲಿ ನಿಜವಾದ ಹೊಲಕ್ಕೆ ನಿಜವಾದ ಗೂಟ ಹೊಡೆಯುತ್ತಾರೆ.

ಹಾಗಂತ ಇದನ್ನು ಸಮಾನತೆಯ ಸ್ವರ್ಗ ಮಾಡಿಬಿಡಬೇಡ. ರೈತರು ಗೇಣಿದಾರರು. ಇಂಗ್ಲೆಂಡಿನ ಜಮೀನು ಲೆಕ್ಕದ 1086ರ ಡೂಮ್ಸ್‌ಡೇ ದಾಖಲೆಯಲ್ಲೇ ಈ ಊರಿಗೆ ಜೆಫ್ರಿ ಅಲ್ಸೆಲಿನ್ ಎಂಬ ನಾರ್ಮನ್ ಒಡೆಯನಿದ್ದಾನೆ. ಊರಿನ ಬಡಗಣ ದಿಬ್ಬದ ಮೇಲೆ ಕೋಟೆ ಇತ್ತು, ಈಗ ಕಲ್ಲೊಂದೂ ನಿಂತಿಲ್ಲ, ಮಣ್ಣಿನ ಗುಡ್ಡ ಮತ್ತು ಕಂದಕ ಮಾತ್ರ ಚೆನ್ನಾಗಿ ಉಳಿದಿವೆ. ಅಲ್ಲಿದ್ದ ಎವರಿಂಗ್‌ಹ್ಯಾಮ್ ಮನೆತನದವರು ಶೆರ್ವುಡ್ ಕಾಡಿನ ಕಾವಲಿನ ಹೊಣೆ ಹೊತ್ತವರು, ಅವರ ಸಮಾಧಿ ಪ್ರತಿಮೆಗಳು ಇಗರ್ಜಿಯಲ್ಲಿವೆ. ಕಲ್ಲಿನವುಗಳ ನಡುವೆ ಓಕ್ ಮರದಲ್ಲಿ ಕೆತ್ತಿದ್ದೂ ಒಂದಿದೆ, ನೋಡಲು ಮರೆಯಬೇಡ.

ಇನ್ನು ನಿನಗಾಗಿಯೇ ಇಟ್ಟುಕೊಂಡದ್ದು. 1635ರಲ್ಲಿ ಈ ಊರಿನ ಒಡೆಯ ಸರ್ ವಿಲಿಯಂ ಕೋರ್ಟೀನ್ ಎಂಬ ಲಂಡನ್ ವರ್ತಕ. ಅವನು ಮಾರ್ಕ್ ಪಿಯರ್ಸ್ ಎಂಬ ಸರ್ವೇಯರನಿಂದ ಇಡೀ ಊರನ್ನು ಅಳೆಸಿದ. ಪಟ್ಟಿ ಪಟ್ಟಿಗೂ ಹಿಡುವಳಿದಾರನ ಹೆಸರಿನ ಪುಸ್ತಕ, ಜೊತೆಗೊಂದು ದೊಡ್ಡ ನಕ್ಷೆ. ನಕ್ಷೆಯ ಮೇಲೆ ನೇಗಿಲು ಹೊಡೆಯುವವರು, ಕೊಯ್ಲಿನವರು, ಬೇಟೆಗಾರರು ಇರುವೆಯಷ್ಟು ಸಣ್ಣ ಚಿತ್ರಗಳಾಗಿ ಕೂತಿದ್ದಾರೆ. ಅದು ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಅದೇ 1635ರ ಡಿಸೆಂಬರಿನಲ್ಲಿ ಕೋರ್ಟೀನ್ ಗುಂಪಿಗೆ ದೊರೆ ಮೊದಲನೇ ಚಾರ್ಲ್ಸ್ ಪೂರ್ವದೇಶದ ವ್ಯಾಪಾರಕ್ಕೆ ಪರವಾನಗಿ ಕೊಟ್ಟ, ಈಸ್ಟ್ ಇಂಡಿಯಾ ಕಂಪನಿಯ ಹೊಟ್ಟೆ ಉರಿಯಿತು. 1636ರಲ್ಲಿ ಹಡಗುಗಳು ಹೊರಟವು, ಕೋರ್ಟೀನ್ ಅದೇ ವರ್ಷ ತೀರಿಕೊಂಡ. ಹಡಗುಗಳು ಮರುವರ್ಷ ಭಟ್ಕಳಕ್ಕೆ ಬಂದವು. ಅದರಲ್ಲಿದ್ದ ಪೀಟರ್ ಮಂಡಿ ಎಂಬ ಇಂಗ್ಲಿಷ್ ವರ್ತಕ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ವೀರಭದ್ರ ನಾಯಕನ ಆಸ್ಥಾನ ಕಂಡು ಬರೆದಿಟ್ಟ. 1638ರಲ್ಲಿ ಇದೇ ಗುಂಪು ನಿನ್ನ ಕಾರವಾರದಲ್ಲಿ ಮೆಣಸಿನ ಕೋಠಿ ತೆರೆಯಿತು. ಸೋಂದೆಯ ಮೆಣಸಿನ ಮೇಲೆ ಕಣ್ಣಿಟ್ಟವರ ದುಡ್ಡಿನಲ್ಲೇ ಈ ನಕ್ಷೆಯೂ ಆದದ್ದು. ಮುಂದೆ ಆ ಮನೆತನದ ವ್ಯವಹಾರ ದಿವಾಳಿಯೆದ್ದಿತು, ಲ್ಯಾಕ್ಸ್‌ಟನ್ ಪಿಯರ್‌ಪಾಂಟ್ ಮನೆತನದ ಕೈಗೆ ಹೋಯಿತು.

ಪಿಯರ್‌ಪಾಂಟರು, ಅಂದರೆ ಮುಂದೆ ಅರ್ಲ್ ಮ್ಯಾನ್ವರ್ಸ್ ಆದವರು, ಬೇಲಿ ಹಾಕಿಸಲು ನೋಡಲಿಲ್ಲವೆಂದಲ್ಲ. ಆ ಊರಿನಲ್ಲಿ ಇನ್ನೊಬ್ಬ ದೊಡ್ಡ ಜಮೀನುದಾರನಿದ್ದ, ಚಿಕ್ಕ ಚಿಕ್ಕ ಸ್ವಂತ ಹಿಡುವಳಿಯವರೂ ಇದ್ದರು, ಚೆದುರಿದ ಪಟ್ಟಿಗಳನ್ನು ಅದಲುಬದಲು ಮಾಡಿಕೊಳ್ಳುವ ಒಪ್ಪಂದ ಕುದುರಲಿಲ್ಲ. ಹಳೆಯದು ಉಳಿದದ್ದು ಅಭಿಮಾನದಿಂದ ಎಂದು ಪ್ರವಾಸಿಗಳಿಗೆ ಹೇಳುವುದು ಚೆಂದ, ಅರ್ಧ ಉಳಿದದ್ದು ತಕರಾರಿನಿಂದ. 1952ರಲ್ಲಿ ಕೃಷಿ ಸಚಿವಾಲಯ ಊರನ್ನು ಕೊಂಡಿತು, 1981ರಲ್ಲಿ ರಾಜಪಟ್ಟದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು, 2020ರಲ್ಲಿ ಮತ್ತೆ ಪಿಯರ್‌ಪಾಂಟರ ಥೋರ್ಸ್‌ಬಿ ಎಸ್ಟೇಟಿಗೇ ಬಂತು.

ಇವತ್ತಿನ ತೊಂದರೆ ಬೇರೆ ತರಹದ್ದು. ಅಗಲದ ಯಂತ್ರಕ್ಕೆ ಪಟ್ಟಿ ಸಾಲದು, ತಿರುಗುವಾಗ ಪಕ್ಕದವನ ಬೆಳೆ ತುಳಿಯುತ್ತದೆ. ಗಾಳಿ ಇರುವಾಗ ಕಳೆನಾಶಕ ಹೊಡೆದರೆ ಬೇಲಿಯೇ ಇಲ್ಲದ ಕಡೆ ತಡೆಯುವವರಿಲ್ಲ. ಕುರಿ ಸಾಕುವವರು ಕಡಿಮೆಯಾದ ಮೇಲೆ ಕೂಳೆ ಮೇಯಿಸುವ ಹಕ್ಕಿಗೆ ಬೆಲೆಯಿಲ್ಲ. ಚಿಕ್ಕ ಹಿಡುವಳಿಯ ಆದಾಯದಲ್ಲೇ ಮನೆ ನಡೆಸುವುದು ಕಷ್ಟ. ಆದರೂ ಬೀದಿಯಲ್ಲಿ ನಡೆದರೆ ಹಳೇ ಕಟ್ಟು ಕಾಣುತ್ತದೆ. ಜಮೀನು ಮೂರು ದಿಕ್ಕಿಗೆ ಚೆದುರಿರುವಾಗ ರೈತ ಹೊಲದಲ್ಲಿ ಮನೆ ಕಟ್ಟಿ ಏನು ಮಾಡಿಯಾನು? ಅದಕ್ಕೇ ತೋಟದಮನೆಗಳೆಲ್ಲ ಊರ ನಡುವೆಯೇ ಇವೆ, ಎಷ್ಟೋ ಮನೆ ಕಣಜಗಳು ಬೀದಿಗೆ ಪಕ್ಕೆ ಕೊಟ್ಟು ನಿಂತಿವೆ, ಹಿಂದೆ ಉದ್ದನೆಯ ಹಿತ್ತಲು. ಬೀಡಾಡಿ ದನ ಕೂಡುವ ಕೊಂಡವಾಡವೂ ಇದೆ, ಈಗ ನೋಡಲಿಕ್ಕಷ್ಟೇ.

ಹೋಗುವ ದಾರಿ: ರೈಲು ಆ ಊರಿಗಿಲ್ಲ, ನ್ಯೂವಾರ್ಕ್ ಅಥವಾ ರೆಟ್‌ಫರ್ಡಿನಲ್ಲಿ ಇಳಿದು ಕಾರು ಹಿಡಿಯಬೇಕು. ಅಳಿಯನ ಕಾರೇ ವಾಸಿ. ಮೊದಲು ಪಬ್ಬಿನ ಹತ್ತಿರದ ಮಾಹಿತಿ ಕೇಂದ್ರದಲ್ಲಿ ನಕ್ಷೆ ನೋಡಿಕೋ, ಆಮೇಲೆ ಕೋಟೆಯ ಗುಡ್ಡ, ಮೂರು ಗಂಟೆಯೊಳಗೆ ಹೊಲ. ನಾಲ್ಕಕ್ಕೆಲ್ಲ ಕತ್ತಲು. ಕಾಲುದಾರಿ ಬಿಟ್ಟು ಗೋಧಿಯ ಮೇಲೆ ಕಾಲಿಡಬೇಡ, ಹಸಿಯಾದ ಜೇಡಿಯಲ್ಲಿ ನಿನ್ನ ಹೆಜ್ಜೆ ಸುಗ್ಗಿಯವರೆಗೂ ಉಳಿಯುತ್ತದೆ. ಚಪ್ಪಲಿ, ಕ್ಯಾನ್ವಾಸ್ ಶೂ ಎರಡೂ ನಡೆಯುವುದಿಲ್ಲ, ಮೊಣಕಾಲವರೆಗಿನ ರಬ್ಬರ್ ಬೂಟು ಮಗಳಿಗೆ ಹೇಳಿ ಈಗಲೇ ಕೊಳ್ಳಿಸು. ಜ್ಯೂರಿಯ ಗುರುವಾರ ಯಾವುದೆಂದು ಪಬ್ಬಿಗೊಂದು ಫೋನ್ ಮಾಡಿ ಖಚಿತಪಡಿಸಿಕೊಂಡೇ ಟಿಕೆಟ್ ಮಾಡಿಸು, ಒಂದು ವಾರ ತಪ್ಪಿದರೆ ಗೂಟ ಹೊಡೆಯುವುದನ್ನು ನೋಡಲು ಮತ್ತೊಂದು ವರ್ಷ.

ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ನಿನ್ನ,
ಸುಬ್ಬು