ವೆಲ್ಕ್ರೋ ಪಂಚೆ ತರಿಸಿದವರು ಉತ್ತರ ಕೊಡಲಿ

ಮಾನ್ಯರೇ,

ಮೊನ್ನೆ ನಡೆದ ಸಾಂಪ್ರದಾಯಿಕ ಉಡುಗೆಯ ಮೆರವಣಿಗೆ ಬಗ್ಗೆ ನಿಮ್ಮ ವರದಿ ‘ಮಳೆಯಿಂದ ಸಣ್ಣ ಅಡಚಣೆ’ ಎಂದು ಮುಗಿಸಿದೆ. ಅಡಚಣೆ ಮಳೆಯದ್ದಲ್ಲ, ಮೆರವಣಿಗೆ ಸಮಿತಿಯವರು ಹಂಚಿದ, ಒತ್ತಿದರೆ ಅಂಟುವ ವೆಲ್ಕ್ರೋ ಪಟ್ಟಿಯ ಪಾಲಿಯೆಸ್ಟರ್ ಪಂಚೆಯದ್ದು. ಮಹಾವೀರ ವೃತ್ತ ಬರುವಷ್ಟರಲ್ಲಿ ಹುಡುಗರು ಒಂದು ಕೈಯಲ್ಲಿ ಬಾವುಟ, ಇನ್ನೊಂದು ಕೈಯಲ್ಲಿ ಸೊಂಟ ಹಿಡಿದು ನಡೆಯುತ್ತಿದ್ದರು. ನಿಂತು ನೋಡಿದವರು ಮೊಬೈಲಿನಲ್ಲಿ ಹಿಡಿದು ನಕ್ಕರು. ಆ ಮಕ್ಕಳಿಗಾದ ಅವಮಾನಕ್ಕೆ ಯಾರು ಹೊಣೆ?

ಹೊಲಿಗೆ ಕೆಲಸ ಗೊತ್ತಿರುವ ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಇದು ಆಗುತ್ತಿರಲಿಲ್ಲ. ಹತ್ತಿ ಪಂಚೆ ಸೊಂಟದಲ್ಲಿ ನಿಲ್ಲುವುದು ಬಟ್ಟೆಗೆ ಬಟ್ಟೆ ಕಚ್ಚಿಕೊಳ್ಳುವುದರಿಂದ. ಪಾಲಿಯೆಸ್ಟರ್ ಎಳೆ ನುಣುಪು, ಬೆವರು ಹೀರುವುದಿಲ್ಲ, ಮಡಿಕೆಯ ಮೇಲೆ ಮಡಿಕೆ ಜಾರುತ್ತದೆ. ಹಾಗಾಗಿ ಇಡೀ ಪಂಚೆಯ ಭಾರ ಒಂದು ವೆಲ್ಕ್ರೋ ಪಟ್ಟಿಯ ಮೇಲೆ. ಆ ಪಟ್ಟಿಯಾದರೂ ಎಷ್ಟು? ಎರಡು ಇಂಚು! ಒಂದೇ ಸಾಲು ಹೊಲಿಗೆ, ಹಿಂದೆ ಬಲಕ್ಕೆ ಕೊಡುವ ಗಟ್ಟಿ ಕ್ಯಾನ್ವಾಸ್ ಬಟ್ಟೆ ಇಲ್ಲ. ದಪ್ಪ ಸಣ್ಣ ಹೊಂದಿಸಿಕೊಳ್ಳಲು ಐದಾರು ಇಂಚಾದರೂ ಬೇಕು. ಪಟ್ಟಿಯ ಹಿಂದೆ ಎರಡು ಮಡಿಕೆ ಬಟ್ಟೆ ಕೊಟ್ಟು, ನಾಲ್ಕೂ ಅಂಚು ಹೊಲಿದು, ನಡುವೆ ಅಡ್ಡಡ್ಡ ಇನ್ನೆರಡು ಸಾಲು ಹಾಕಬೇಕು. ಇಲ್ಲದಿದ್ದರೆ ಕೂತು ಎದ್ದಾಗ ಎಳೆತವೆಲ್ಲ ಸೂಜಿ ತೂತಿನ ಸಾಲಿಗೆ ಬಿದ್ದು ಅಲ್ಲೇ ಹರಿಯುತ್ತದೆ. ನನ್ನ ಹತ್ತಿರ ರಿಪೇರಿಗೆ ಬಂದಿರುವ ಪಂಚೆಗಳೆಲ್ಲ ಹರಿದಿರುವುದು ಅಲ್ಲೇ.

ಇನ್ನು ಕಚ್ಚೆ. ಕಚ್ಚೆ ಹಾಕಲು ಎಂಟು ಮೊಳ, ಅಂದರೆ ಸುಮಾರು 3.6 ಮೀಟರ್ ಪಂಚೆ ಬೇಕು. ಇವರು ಕೊಟ್ಟಿದ್ದು ನಾಲ್ಕು ಮೊಳ, ಹಿಂದಕ್ಕೆ ಕಚ್ಚೆಯ ಹಾಗೆ ಕಾಣಲೆಂದು ಒಂದು ತುಂಡು ಜೋಡಿಸಿದ್ದಾರೆ. ಹೆಜ್ಜೆ ದೊಡ್ಡದಾಗಿ ಇಟ್ಟರೆ ತೊಡೆಯ ಹತ್ತಿರ ಬಿಗಿಯುತ್ತದೆ, ಕುಣಿಯುವುದಂತೂ ಆಗದ ಮಾತು. ನಿಜವಾದ ಕಚ್ಚೆ ಏನು ಮಹಾ ಕಷ್ಟ? ಪಂಚೆಯ ನಡುಭಾಗ ಬೆನ್ನಿಗೆ ಬರುವಂತೆ ಹಿಡಿದು, ಎರಡೂ ಕಡೆಯಿಂದ ಮುಂದಕ್ಕೆ ತಂದು ಹೊಕ್ಕುಳ ಹತ್ತಿರ ಗಂಟು ಹಾಕಬೇಕು. ಒಂದು ತುದಿಯನ್ನು ನಿರಿಗೆ ಹಿಡಿದು ಕಾಲುಗಳ ನಡುವೆ ಹಿಂದಕ್ಕೆ ತೆಗೆದು ಬೆನ್ನಿಗೆ ಸಿಕ್ಕಿಸಬೇಕು, ಇನ್ನೊಂದರ ನಿರಿಗೆ ಮುಂದೆ. ಹೊಸ ಪಂಚೆಯಾದರೆ ಹಿಂದಿನ ದಿನವೇ ನೆನೆಸಿ ಗಂಜಿ ಬಿಡಿಸಬೇಕು, ಇಲ್ಲವಾದರೆ ನಿರಿಗೆ ಸೆಟೆದು ಬಿಚ್ಚಿಕೊಳ್ಳುತ್ತದೆ. ಇಷ್ಟನ್ನು ಹೈಸ್ಕೂಲ್ ಹುಡುಗರಿಗೆ ಒಂದು ಮಧ್ಯಾಹ್ನ ಕೂರಿಸಿ ಹೇಳಿಕೊಡಲು ಸಮಿತಿಗೆ ಪುರುಸೊತ್ತಿರಲಿಲ್ಲ, ಬ್ಯಾನರ್ ಕಟ್ಟಿಸಲು ಇತ್ತು.

ಪೇಟ ಕೂಡ ಅದೇ ಕಥೆ. ರಟ್ಟಿನ ಮೇಲೆ ಗೋಂದು ಹಚ್ಚಿ ಜರಿ ಅಂಟಿಸಿದ್ದು, ನೆನೆದ ಕೂಡಲೇ ರಟ್ಟು ಮೆತ್ತಗಾಗಿ ಬಣ್ಣ ಕೆನ್ನೆಗೆ ಇಳಿಯಿತು. ಹೆಣ್ಣುಮಕ್ಕಳಿಗೆ ಕೊಟ್ಟ ಸೀರೆಗೆ ನಿರಿಗೆ ಮೊದಲೇ ಹೊಲಿದಿತ್ತು, ಎತ್ತರದವರಿಗೂ ಗಿಡ್ಡದವರಿಗೂ ಒಂದೇ ಉದ್ದ. ಸೀರೆಯ ಕೆಳ ಅಂಚಿಗೆ ಒಳಗಿನಿಂದ ಕೊಡುವ ಫಾಲ್ ಬಟ್ಟೆಯನ್ನು ನೆನೆಸಿ ಒಣಗಿಸಿ ಆಮೇಲೆ ಹೊಲಿಯಬೇಕೆಂಬುದು ಈ ಕೆಲಸದ ಮೊದಲ ಪಾಠ. ಮಳೆಗೆ ಹತ್ತಿ ಫಾಲ್ ಕುಗ್ಗಿತು, ಪಾಲಿಯೆಸ್ಟರ್ ಸೀರೆ ಕುಗ್ಗಲಿಲ್ಲ, ಅಂಚೆಲ್ಲ ಸುಕ್ಕುಗಟ್ಟಿ ಮೇಲೆದ್ದಿತು.

ಈ ಸೀರೆಯನ್ನು ಮೈಕಿನಲ್ಲಿ ‘ನಮ್ಮ ಮೈಸೂರು ರೇಷ್ಮೆ’ ಎಂದು ಕೂಗಿದರಲ್ಲ, ಅದಕ್ಕೇ ಹೊಟ್ಟೆ ಉರಿಯುವುದು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ ಶುರುವಾದ ಕಾರ್ಖಾನೆಯ ನೇಯ್ಗೆ ಅದು. ಜರಿಯಲ್ಲಿ ನೂರಕ್ಕೆ 65 ಭಾಗ ಬೆಳ್ಳಿ, 0.65 ಭಾಗ ಚಿನ್ನ. ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಮೊನ್ನೆಯದ್ದು ಕರಗಿ ಗಟ್ಟಿ ಮಣಿಯಾಯಿತು. ಮೇಲುಕೋಟೆಯ ಕೈಮಗ್ಗದ ಪಂಚೆ ಜಿಲ್ಲೆಯಲ್ಲೇ ಇದೆ, ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದಲ್ಲಿ ಸೀರೆ ನೇಯುವವರಿದ್ದಾರೆ. ಅವರನ್ನು ಬಿಟ್ಟು ಎಲ್ಲಿಂದ ತಂದಿರಿ ಇವನ್ನು?

2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಒಳಗೆ ಬಿಡದಿದ್ದಾಗ ಸರ್ಕಾರವೇ ಏಳು ದಿನ ಆ ಮಾಲ್ ಮುಚ್ಚಿಸಿತು. ಆಗ ಪಂಚೆಯ ಗೌರವದ ಬಗ್ಗೆ ಭಾಷಣ ಮಾಡದವರಿಲ್ಲ. ನಮ್ಮ ಅಧಿಕಾರಿಗಳಿಗೆ ಆ ಗೌರವ ಟೆಂಡರಿನಲ್ಲಿ ಮಾತ್ರ ಕಾಣುವುದಿಲ್ಲ. ಶಾಲೆ ಮಕ್ಕಳ ಸಮವಸ್ತ್ರದ ಬಟ್ಟೆಯೂ ಹೀಗೇ. ಜೂನ್‌ಗೆ ಬೇಕಾದದ್ದು ದಸರಾ ಹೊತ್ತಿಗೆ ಬರುತ್ತದೆ, ಅಗಲ ಕಮ್ಮಿ ಇರುತ್ತದೆ, ಉದ್ದಕ್ಕೆ ಕತ್ತರಿಸಿದರೆ ತೋಳಿಗೆ ಸಾಲದು. ಹೊಲಿದವರ ಕೂಲಿ ಕೇಳಲು ಹೋದರೆ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ಕಚೇರಿಯ ಆ ಮರದ ಬೆಂಚು ಸವೆದಿರುವುದೇ ನಮ್ಮಂಥವರಿಂದ.

ಮೆರವಣಿಗೆಗೆಂದು ಬೆಳಿಗ್ಗೆಯಿಂದ ರಸ್ತೆ ಮುಚ್ಚಿ ಅಂಗಡಿಗಳಿಗೆ ಗಿರಾಕಿ ಬರದ ಹಾಗೆ ಮಾಡಿದರು. ಮದುವೆಗೆ ಕೊಡಬೇಕಾದ ಬ್ಲೌಸುಗಳು ಹಾಗೇ ಉಳಿದವು. ಸಂಜೆಯಿಂದ ಹರಿದ ಪಂಚೆಗಳ ರಾಶಿ, ನಾಳೆ ಸಮಿತಿಗೆ ವಾಪಸ್ ಕೊಡಬೇಕಂತೆ, ಇಲ್ಲದಿದ್ದರೆ ಮಕ್ಕಳಿಂದಲೇ ದುಡ್ಡು ವಸೂಲಿಯಂತೆ! ಕೊಡಿಸಿದವರ ತಪ್ಪಿಗೆ ಉಟ್ಟವರಿಗೆ ದಂಡ ಹಾಕುವುದು ಯಾವ ನ್ಯಾಯ?

ಈ ಬಟ್ಟೆ ಒಪ್ಪಿಕೊಂಡು ಸಹಿ ಹಾಕಿದವರು ಯಾರೆಂದು ಜನರಿಗೆ ಹೇಳಬೇಕು. ಮಕ್ಕಳಿಂದ ಒಂದು ಪೈಸೆಯನ್ನೂ ಕೇಳಬಾರದು. ಮುಂದಿನ ಸಲ ಕೈಮಗ್ಗದ ಪಂಚೆ ಕೊಡಿ, ಆಗದಿದ್ದರೆ ಅವರವರ ಮನೆಯ ಬಟ್ಟೆಯಲ್ಲೇ ಬರಲಿ ಬಿಡಿ. ಸಮವಸ್ತ್ರದ ಬಾಕಿ ಕೂಲಿಯನ್ನೂ ಈ ಸಲವೇ ಕೊಟ್ಟು ಮುಗಿಸಿ. ಬಟ್ಟೆ ಮುಟ್ಟಿ ನೋಡಲು ಬಾರದವರು ಬಟ್ಟೆ ಖರೀದಿಯ ಸಮಿತಿಯಲ್ಲಿ ಯಾಕಾದರೂ ಕೂರುತ್ತಾರೋ!

– ಒಬ್ಬ ದರ್ಜಿ, ಗುತ್ತಲು ರಸ್ತೆ, ಮಂಡ್ಯ